ಕರಾಳ ನಾಳೆಯ ಕಥೆ ಓದಿ ಮಕ್ಕಳು ಕೇಳುವ ಪ್ರಶ್ನೆ

ಶಾಲಾ ಗ್ರಂಥಾಲಯ ನೋಡಿಕೊಳ್ಳುವ ನನ್ನ ಹತ್ತಿರ ಪೋಷಕರು ಆಗಾಗ ಕೇಳುತ್ತಾರೆ: 'ಇಂಥ ಕಥೆಗಳನ್ನ ಮಕ್ಕಳ ಕೈಗೆ ಯಾಕೆ ಕೊಡ್ತೀರಿ ಮೇಡಂ? ಮೊದಲೇ ಓದಿನ ಟೆನ್ಷನ್ ಇದೆ.' ಅವರು ಹೇಳುವುದು ಡಿಸ್ಟೋಪಿಯಾ ಕಾದಂಬರಿಗಳ ಬಗ್ಗೆ. ಮುಂದೊಂದು ಕಾಲಕ್ಕೆ ಸಮಾಜ ಕೆಟ್ಟರೆ ಹೇಗಿರುತ್ತದೆ ಎಂದು ಊಹಿಸಿ ಬರೆದ ಕಥೆಗಳವು. ಕೆಲವು ಮಕ್ಕಳಿಗೆ ಅವು ಭಾರವಾಗುವುದು ನಿಜ. ಆದರೆ ಹೆಚ್ಚಿನವರು ಹೆದರುವುದಕ್ಕಿಂತ ಜಾಸ್ತಿ ವಾದಕ್ಕಿಳಿಯುತ್ತಾರೆ.

ಒಂದೇ ಪುಸ್ತಕ ನೋಡೋಣ. ಅಮೆರಿಕದ ಲೋಯಿಸ್ ಲೌರಿ ಬರೆದ 'ದಿ ಗಿವರ್' 1993ರಲ್ಲಿ ಬಂತು. ಜೋನಸ್ ಎಂಬ ಹುಡುಗನ ಊರಲ್ಲಿ ಹಸಿವಿಲ್ಲ, ಯುದ್ಧವಿಲ್ಲ. ಮಕ್ಕಳಿಗೆ ಹನ್ನೆರಡಾದಾಗ ಯಾರಿಗೆ ಯಾವ ಕೆಲಸ ಎಂದು ಹಿರಿಯರ ಸಮಿತಿಯೇ ಗೊತ್ತು ಮಾಡುತ್ತದೆ. ಗಂಡ ಹೆಂಡತಿ ಜೋಡಿಯನ್ನೂ ಅದೇ ಹೊಂದಿಸುತ್ತದೆ. ಮೊದಲ ಅಧ್ಯಾಯಗಳನ್ನು ಓದಿದ ಮಕ್ಕಳಿಗೆ ಊರು ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಒಂದು ದಿನ ಜೋನಸ್ ಎಸೆದಾಡುತ್ತಿದ್ದ ಸೇಬು ಒಂದು ಕ್ಷಣ ಬೇರೆ ಥರ ಕಾಣುತ್ತದೆ. ಅವನು ಕಂಡದ್ದು ಕೆಂಪು ಬಣ್ಣ ಎಂದು ತಿಳಿಯುವುದು ಎಷ್ಟೋ ಪುಟಗಳಾದ ಮೇಲೆ. ಆ ಊರವರಿಗೆ ಬಣ್ಣವೇ ಕಾಣುವುದಿಲ್ಲ! ಎಲ್ಲ ಒಂದೇ ಥರ ಇದ್ದರೆ ತೊಂದರೆಯಿಲ್ಲ ಎಂದು ಹಿಂದಿನವರು ತೀರ್ಮಾನಿಸಿದ್ದರು, ಅದರ ಜೊತೆ ಬಣ್ಣವೂ ಹೋಯಿತು.

ಇಲ್ಲಿಗೆ ಬಂದಾಗ ಮಕ್ಕಳು ಸರಸರನೆ ಹಿಂದಿನ ಪುಟ ತಿರುವುತ್ತಾರೆ. ನಮಗ್ಯಾಕೆ ಗೊತ್ತಾಗಲಿಲ್ಲ ಎಂದು ಹುಡುಕುತ್ತಾರೆ. ಬೇರೆ ಬದುಕನ್ನೇ ಕಾಣದ ಹುಡುಗನ ಕಣ್ಣಿಂದ ನೋಡುತ್ತಿದ್ದೆವು, ಅದಕ್ಕೇ ಗೊತ್ತಾಗಲಿಲ್ಲ. ಪುಸ್ತಕ ಇಂಗ್ಲಿಷಿನದಾದರೂ ಜಗಳವೆಲ್ಲ ಕನ್ನಡದಲ್ಲೇ. 'ಕೆಲಸ ಅವರೇ ಹೇಳಿದ್ರೆ ತಪ್ಪೇನು? ಎಸ್ಸೆಸ್ಸೆಲ್ಸಿ ಆದ್ಮೇಲೆ ಸೈನ್ಸಾ ಕಾಮರ್ಸಾ ಅಂತ ನಮ್ಮಪ್ಪನೇ ಹೇಳೋದು' ಎಂದು ಒಬ್ಬಳು. 'ನಿಮ್ಮಪ್ಪನ ಹತ್ರ ಜಗಳ ಆಡಬಹುದಲ್ವಾ, ಜೋನಸ್ ಯಾರ ಹತ್ರ ಆಡ್ತಾನೆ?' ಎಂದು ಇನ್ನೊಬ್ಬ. ಹೀಗೆ ಮಾತು ಬೆಳೆದರೆ ನಾನು ಸುಮ್ಮನೆ ಕೂರುತ್ತೇನೆ.

'ಇದೆಲ್ಲ ನಿಜವಾಗುತ್ತಾ?' ಎಂಬ ಪ್ರಶ್ನೆಯಿಂದ ಮಾತು ಬೆಳೆಯುವುದಿಲ್ಲ. ಈ ಕಥೆಗಳು ಭವಿಷ್ಯ ಹೇಳುವುದಿಲ್ಲ, ಬರೆದ ಕಾಲದ್ದನ್ನೇ ದೊಡ್ಡದು ಮಾಡಿ ತೋರಿಸುತ್ತವೆ. ಟೀವಿ ಚಾನೆಲ್ ಬದಲಿಸುವಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧ ಕಂಡು ಮಕ್ಕಳನ್ನು ಸಾಯುವ ತನಕ ಕಾದಾಡಿಸಿ ಟೀವಿಯಲ್ಲಿ ತೋರಿಸುವ 'ಹಂಗರ್ ಗೇಮ್ಸ್' ಕಥೆ ಹೊಳೆಯಿತು ಎಂದು ಅದನ್ನು ಬರೆದ ಸುಝಾನ್ ಕಾಲಿನ್ಸ್ ಹೇಳಿದ್ದಾರೆ. ಪುಸ್ತಕ ಬಂದದ್ದು 2008ರಲ್ಲಿ. ಥಾಯ್ಲೆಂಡಿನಲ್ಲಿ 2014ರಲ್ಲಿ ಸೇನೆ ಅಧಿಕಾರ ಹಿಡಿದಾಗ ಪ್ರತಿಭಟಿಸಿದವರು ಅದೇ ಕಥೆಯಲ್ಲಿ ದಂಗೆಯ ಗುರುತಾದ ಮೂರು ಬೆರಳಿನ ಸಲಾಮು ಎತ್ತಿದರು. ಹಾಗೆ ಮಾಡಿದ್ದಕ್ಕೆ ಕೆಲವರನ್ನು ಹಿಡಿದೂ ಹಾಕಿದರು.

ನಾನು ಕೇಳುವುದು ಬೇರೆ: ಕಥೆಯಲ್ಲಿನ ಜನ ಇಂಥ ಬದುಕಿಗೆ ಯಾವಾಗ ಒಪ್ಪಿದರು? ಬದಲಿಗೆ ಅವರಿಗೇನು ಸಿಕ್ಕಿತು? ರೇ ಬ್ರಾಡ್ಬರಿಯ 'ಫ್ಯಾರನ್‌ಹೀಟ್ 451'ರಲ್ಲಿ ಪುಸ್ತಕ ಸುಡುವ ಪಡೆಯ ಕ್ಯಾಪ್ಟನ್ನೇ ಹೇಳುತ್ತಾನೆ, ಇದು ಸರ್ಕಾರದಿಂದ ಶುರುವಾಗಲಿಲ್ಲ, ಓದುವುದನ್ನು ಮೊದಲು ಬಿಟ್ಟವರು ಜನರೇ ಅಂತ. ಸರ್ಕಾರವೇ ವಿಲನ್ ಎಂದು ನಂಬಿ ಓದುತ್ತಿದ್ದ ಮಕ್ಕಳು ಈ ಪುಟದಲ್ಲಿ ತಬ್ಬಿಬ್ಬಾಗುತ್ತಾರೆ.

ಮನೆಯಲ್ಲಿ ಓದಿಸುವುದಾದರೆ ಎಂಟನೇ ಕ್ಲಾಸಿಗೆ 'ದಿ ಗಿವರ್' ಸಾಕು, ನೀವೂ ಜೊತೆಗೇ ಓದಿ. ಅದರಲ್ಲೂ ಒಂದು ಹಸುಗೂಸನ್ನು ಕೊಲ್ಲುವ ದೃಶ್ಯವಿದೆ, ಅವತ್ತು ಮಗು ಒಂಟಿಯಾಗಿ ಓದುವುದು ಬೇಡ. ಜಾರ್ಜ್ ಆರ್ವೆಲ್‌ನ '1984' ಕಾದಂಬರಿ ಪಿಯುಸಿವರೆಗೆ ಕಾಯಲಿ, ಅದರ ಕೊನೆಯ ಭಾಗದಲ್ಲಿ ಚಿತ್ರಹಿಂಸೆ ಜಾಸ್ತಿ. ಅರ್ಧಕ್ಕೇ ನಿಲ್ಲಿಸಿದರೆ ಬಲವಂತ ಮಾಡಬೇಡಿ, ಯಾಕೆ ನಿಲ್ಲಿಸಿದೆ ಎಂದು ಕೇಳಿ.