ಮೈಕ್ರೋಸ್ಪೊರಿಡಿಯಾ ಅಂದರೆ ಏನು?

ಮಳೆ ನಿಂತ ಮೇಲೆ ನಮ್ಮ ಚಿತ್ರದುರ್ಗದ ಕಡೆ ಯಾವುದಾದರೂ ಹೊಂಡದ ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ಬಿಸಿಲಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಜೀವಿಗಳು ಕುಪ್ಪಳಿಸುತ್ತಿರುತ್ತವೆ. ಅವೇ ನೀರುಚಿಗಟ. ಡ್ಯಾಫ್ನಿಯಾ, ಮೊಯಿನಾ ಎಲ್ಲ ಇದೇ ಬಳಗ. ಹೆಸರಿಗೆ ಚಿಗಟ, ಆದರೆ ಕೀಟವಲ್ಲ, ಸೀಗಡಿಯ ನೆಂಟ. ಮೈ ಎಷ್ಟು ತಿಳಿ ಅಂದರೆ ಭೂತಗನ್ನಡಿ ಹಿಡಿದರೆ ಒಳಗೆ ಮಿಡಿಯುವ ಗುಂಡಿಗೆಯೂ ಕಾಣುತ್ತದೆ.

ಒಂದೊಂದು ಸಲ ಅವುಗಳಲ್ಲೇ ಒಂದು ಚಿಗಟ ಹಾಲು ಬೆರೆಸಿದಂತೆ ಮಬ್ಬಾಗಿ ಕಾಣುತ್ತದೆ. ಅದಕ್ಕೆ ರೋಗ ಬಂದಿರಬಹುದು. ಬ್ಯಾಕ್ಟೀರಿಯಾ, ಯೀಸ್ಟ್‌ನಿಂದಲೂ ಹಾಗಾಗುತ್ತದೆ, ಬರೀ ಬಣ್ಣ ನೋಡಿ ಹೇಳೋಕಾಗಲ್ಲ. ಆದರೆ ಅದನ್ನು ಸ್ಲೈಡ್ ಮೇಲೆ ಒತ್ತಿ ನೋಡಿದಾಗ ಅಕ್ಕಿಕಾಳಿನಂಥ, ಹೊಳೆಯುವ ಸಾವಿರಾರು ಪುಟ್ಟ ಕಾಳುಗಳು ಚೆಲ್ಲಿಕೊಂಡರೆ ಅದು ಮೈಕ್ರೋಸ್ಪೊರಿಡಿಯಾ ಅನ್ನುವ ಪರೋಪಜೀವಿ ಇರುವ ಸಾಧ್ಯತೆ ಜಾಸ್ತಿ. 'ಮೈಕ್ರೋ' ಅಂದರೆ ಸಣ್ಣ, 'ಸ್ಪೋರ್' ಅಂದರೆ ಬೀಜಕ. ಒಂದು ಕಾಳು ಮಿಲಿಮೀಟರಿನ ಸಾವಿರದಲ್ಲಿ ಎರಡು-ಮೂರು ಪಾಲು ಉದ್ದ, ಅಷ್ಟೇ.

ಆ ಕಾಳಿನೊಳಗೆ ಇರುವುದನ್ನು ನೋಡಬೇಕು! ಹೊರಗೆ ಪ್ರೋಟೀನಿನ ಪದರ, ಅದರಡಿ ಕೈಟಿನ್ನಿನ, ಅಂದರೆ ಸೀಗಡಿ ಚಿಪ್ಪಿನಲ್ಲಿರುವಂಥ ವಸ್ತುವಿನ, ಗಟ್ಟಿ ಗೋಡೆ. ಒಳಗೆ ಸ್ಪ್ರಿಂಗಿನ ಹಾಗೆ ಸುತ್ತಿಟ್ಟ ಒಂದು ಕೊಳವೆ. ಚಿಗಟ ನೀರು ಸೋಸಿ ತಿನ್ನುವಾಗ ಬೀಜಕವೂ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಬೀಜಕದೊಳಗಿನ ಒತ್ತಡ ಏರಿ ಕೊಳವೆ ಒಳಗಿನದು ಹೊರಗಾಗುತ್ತಾ, ಅಂಗಿಯ ತೋಳನ್ನು ತಿರುವಿದ ಹಾಗೆ, ಎರಡು ಸೆಕೆಂಡಿನೊಳಗೆ ಚಿಮ್ಮುತ್ತದೆ, ಬೀಜಕದ ಉದ್ದಕ್ಕಿಂತ ಎಷ್ಟೋ ಪಟ್ಟು ಉದ್ದಕ್ಕೆ. ಆ ಕೊಳವೆಯೊಳಗಿಂದಲೇ ಪರೋಪಜೀವಿ ಹರಿದು ಚಿಗಟದ ಜೀವಕೋಶ ಸೇರಿಕೊಳ್ಳುತ್ತದೆ. ಸೂಜಿಮದ್ದು ಕೊಟ್ಟಂತೆ.

ಇಷ್ಟು ಜಾಣತನದ ಜೀವಿಯ ಒಳಮನೆ ಮಾತ್ರ ಬರಿದು. ಆಹಾರದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಾ ಕಾಣಲೇ ಇಲ್ಲ. ಪ್ರೋಟೀನ್ ಕಟ್ಟುವ ರೈಬೋಸೋಮ್ ಕೂಡ ಬ್ಯಾಕ್ಟೀರಿಯಾದ್ದರಷ್ಟೇ ಚಿಕ್ಕದು. ಶಕ್ತಿಯನ್ನು ಆಶ್ರಯ ಕೊಟ್ಟ ಕೋಶದಿಂದಲೇ ಕದಿಯುತ್ತದೆ. ಇದನ್ನು ಯಾವ ಗುಂಪಿಗೆ ಹಾಕಬೇಕು ಅನ್ನುವುದು ಅದಕ್ಕೇ ಅಷ್ಟು ಗೊಂದಲವಾಯಿತು. 1857ರಲ್ಲಿ ವಿಜ್ಞಾನಿ ನೇಗೆಲಿ ರೇಷ್ಮೆಹುಳುವಿನ ಪೆಬ್ರಿನ್ ರೋಗದ ಬೀಜಕಕ್ಕೆ ನೊಸೀಮಾ ಬಾಂಬಿಸಿಸ್ ಅಂತ ಹೆಸರಿಟ್ಟು, ಯೀಸ್ಟ್‌ನಂಥದ್ದು ಅಂದುಕೊಂಡರು. ಬಾಲ್ಬಿಯಾನಿ 1882ರಲ್ಲಿ ಮೈಕ್ರೋಸ್ಪೊರಿಡಿಯಾ ಅನ್ನುವ ಗುಂಪು ಮಾಡಿದರು. ಆಮೇಲೆ ತುಂಬಾ ಕಾಲ ಪ್ರೋಟೊಜೋವಾ, ಅಂದರೆ ಅಮೀಬಾದಂಥ ಒಂದೇ ಕೋಶದ ಜೀವಿಗಳ, ಪಟ್ಟಿಯಲ್ಲೇ ಇತ್ತು. 1983ರಲ್ಲಿ ಕ್ಯಾವಲಿಯರ್-ಸ್ಮಿತ್, ಮೈಟೊಕಾಂಡ್ರಿಯಾ ಹುಟ್ಟುವ ಮುಂಚಿನ ಆದಿಕಾಲದ ಜೀವಿಗಳು ಇವು ಅಂದರು. ಅದು ತಪ್ಪಾಗಿತ್ತು. ವಂಶವಾಹಿಗಳನ್ನು ಹೋಲಿಸಿದಾಗ ಇವು ಶಿಲೀಂಧ್ರಗಳ ಹತ್ತಿರದ ಬಳಗ ಅಂತ ಗೊತ್ತಾಯಿತು, 2002ರಲ್ಲಿ ಒಳಗೆ ಮೈಟೊಸೋಮ್ ಅನ್ನುವ ಪುಟಾಣಿ ಚೀಲ ಸಿಕ್ಕಿತು. ಮೈಟೊಕಾಂಡ್ರಿಯಾ ಇತ್ತು, ಸವೆದು ಅಷ್ಟಕ್ಕೆ ಬಂದಿದೆ.

ನನಗೆ ತುಂಬಾ ಇಷ್ಟವಾಗುವುದು ಇಲ್ಲಿ ನೀರುಚಿಗಟ ಮತ್ತೆ ಬರುವುದು. ಡ್ಯಾಫ್ನಿಯಾ ಮ್ಯಾಗ್ನಾದ ಕರುಳಲ್ಲಿ ಸಿಕ್ಕ ಮೈಟೊಸ್ಪೊರಿಡಿಯಮ್ ಡ್ಯಾಫ್ನಿಯೆ ಅನ್ನುವ ಮೈಕ್ರೋಸ್ಪೊರಿಡಿಯಾವನ್ನು 2014ರಲ್ಲಿ ವಿವರಿಸಿದರು. ಇದಕ್ಕೆ ಚಿಮ್ಮುವ ಕೊಳವೆ ಇದೆ, ಜೊತೆಗೆ ಮೈಟೊಕಾಂಡ್ರಿಯಾದ ಡಿಎನ್‌ಎ ಕೂಡ ಉಳಿದಿದೆ! ಅಂದರೆ ಮೊದಲು ಕೊಳವೆ ಬಂತು, ಮನೆ ಬರಿದಾಗಿದ್ದು ಆಮೇಲೆ.

ಹ್ಯಾಮಿಲ್ಟೊಸ್ಪೊರಿಡಿಯಮ್ ಅನ್ನುವ ಇನ್ನೊಂದು ಮೈಕ್ರೋಸ್ಪೊರಿಡಿಯಾ, ತಾಯಿ ಚಿಗಟದ ಮೊಟ್ಟೆಯ ಮೂಲಕವೇ ಮರಿಗೂ ಹೋಗುತ್ತದೆ. ಹಿರಿಯೂರು ಕಡೆ ರೇಷ್ಮೆ ಬೆಳೆಯುವವರಿಗೆ ಇದು ಹೊಸದೇನಲ್ಲ, ಅಲ್ವಾ? ಪೆಬ್ರಿನ್ ಹೀಗೇ ಮೊಟ್ಟೆಯಲ್ಲಿ ಬರುತ್ತದೆ. ಅದಕ್ಕೇ ಬಿತ್ತನೆ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಸ್ಲೈಡಿಗೆ ಹಾಕಿ, ಇದೇ ಹೊಳೆಯುವ ಕಾಳುಗಳನ್ನು ಹುಡುಕುತ್ತಾರೆ.