ದೊಡ್ಡ ಭೂಕಂಪಕ್ಕಿಂತ ಚಿಕ್ಕ ಭೂಕಂಪದಲ್ಲಿ ಹೆಚ್ಚು ಜನ ಸಾಯುವುದು ಹೇಗೆ?

ಪ್ರಶ್ನೆ: 2010ರ ಫೆಬ್ರುವರಿಯಲ್ಲಿ ಚಿಲಿಯಲ್ಲಿ ಸಂಭವಿಸಿದ ಭೂಕಂಪದ ಪ್ರಮಾಣ 8.8, ಸತ್ತವರು ಸುಮಾರು 525 ಮಂದಿ. ಅದಕ್ಕೂ ಮುಂಚಿನ ತಿಂಗಳು ಹೈಟಿಯಲ್ಲಿ ಆದದ್ದು 7.0 ಪ್ರಮಾಣದ್ದು, ಹೆಚ್ಚಿನ ಅಂದಾಜುಗಳ ಪ್ರಕಾರ ಅಲ್ಲಿನ ಸಾವು ಲಕ್ಷ ದಾಟಿತು. ಇದು ಹೇಗೆ ಸಾಧ್ಯ?

ಉತ್ತರ: ಪ್ರಮಾಣವು ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯನ್ನು ಸೂಚಿಸುತ್ತದೆ. ಅಂಕಿ ಒಂದು ಹೆಚ್ಚಾದರೆ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಆ ಲೆಕ್ಕದಲ್ಲಿ ಚಿಲಿಯ ಭೂಕಂಪ ಹೈಟಿಯದಕ್ಕಿಂತ ಸುಮಾರು 500 ಪಟ್ಟು ದೊಡ್ಡದು. ಆದರೆ ಜನರನ್ನು ಕೊಲ್ಲುವುದು ಆ ಶಕ್ತಿಯಲ್ಲ, ಅವರ ಮನೆಯ ಗೋಡೆ ಮತ್ತು ಸೂರು. ಹೈಟಿಯ ಕೇಂದ್ರಬಿಂದು ರಾಜಧಾನಿಯಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಹೆಚ್ಚು ಆಳವಿಲ್ಲದ ಕಡೆ ಇತ್ತು ಎಂಬುದು ನಿಜವಾದರೂ, ಅಷ್ಟರಿಂದಲೇ ಈ ಅಂತರವನ್ನು ವಿವರಿಸಲಾಗದು. 1960ರಲ್ಲಿ 9.5 ಪ್ರಮಾಣದ ಭೂಕಂಪವನ್ನು ಕಂಡಿದ್ದ ಚಿಲಿ ಕಟ್ಟಡ ನಿಯಮಗಳನ್ನು ಬಿಗಿಗೊಳಿಸುತ್ತ ಬಂದಿತ್ತು. ಬಡ ಹೈಟಿಯಲ್ಲಿ ಪಾಲಿಸಲೇಬೇಕಾದ ನಿಯಮಗಳೇ ಇರಲಿಲ್ಲ.

ಇದನ್ನು ಹತ್ತಿರದಿಂದ ನೋಡಲು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಮನೆಗಳನ್ನು ನೆನೆಯಬೇಕು. ಅಲ್ಲಿನ ಗೋಡೆಗಳು ಎರಡು ಅಡಿಗೂ ಮಿಕ್ಕಿ ದಪ್ಪವಾಗಿದ್ದವು. ಒಳಮೈಗೊಂದು, ಹೊರಮೈಗೊಂದು ಕಾಡುಗಲ್ಲಿನ ಸಾಲನ್ನು ಕೆಸರುಮಣ್ಣಿನಲ್ಲಿ ಕಟ್ಟಿ ನಡುವೆ ಚೂರುಗಲ್ಲು ತುಂಬುತ್ತಿದ್ದರು. ಎರಡೂ ಸಾಲುಗಳನ್ನು ಹಿಡಿದಿಡುವಂತೆ ಅಡ್ಡಲಾಗಿ ಹಾಯುವ ಉದ್ದಗಲ್ಲು ಮಾತ್ರ ಇರುತ್ತಿರಲಿಲ್ಲ. ಮೇಲೆ ತೊಲೆ, ಹಲಗೆ, ಅದರ ಮೇಲೆ ಬಿಸಿಲಿನ ತಾಪ ಇಳಿಯದಂತೆ ದಪ್ಪನಾಗಿ ಹರವಿದ ಮಾಳಿಗೆಯ ಮಣ್ಣು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, 6.2 ಪ್ರಮಾಣದ ಕಂಪನಕ್ಕೆ ಆ ಎರಡು ಸಾಲುಗಳು ಬೇರೆಬೇರೆಯಾಗಿ ಒಂದು ಒಳಕ್ಕೂ ಇನ್ನೊಂದು ಹೊರಕ್ಕೂ ಉರುಳಿದವು. ಸತ್ತವರ ಸಂಖ್ಯೆ 8,000ದಿಂದ 10,000ದಷ್ಟು. ತಲೆಮಾರುಗಳ ಕಾಲ ತಂಪಾಗಿ ಕಾಪಾಡಿದ ಗೋಡೆಗಳೇ ಹೀಗೆ ಮೇಲೆ ಬಿದ್ದವೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನೆಲದ ಗುಣ ಮತ್ತು ಹೊತ್ತು ಕೂಡ ಲೆಕ್ಕಕ್ಕೆ ಬರುತ್ತವೆ. 1985ರಲ್ಲಿ ಕೇಂದ್ರಬಿಂದುವಿನಿಂದ 350 ಕಿಲೋಮೀಟರಿಗೂ ದೂರದ ಮೆಕ್ಸಿಕೊ ನಗರ ಕುಸಿದದ್ದು, ಅದು ಹಳೆಯ ಕೆರೆಯ ಮೆದುಮಣ್ಣಿನ ಮೇಲೆ ನಿಂತಿದ್ದುದರಿಂದ. 2015ರ ನೇಪಾಳದ ಭೂಕಂಪ ರಜಾದಿನವಾದ ಶನಿವಾರ ಬಂದದ್ದರಿಂದ ಸಾವಿರಾರು ತರಗತಿಗಳು ಖಾಲಿಯಿದ್ದಾಗಲೇ ಕುಸಿದವು. 2005ರಲ್ಲಿ ಕಾಶ್ಮೀರದ ಮಕ್ಕಳಿಗೆ ಆ ಅದೃಷ್ಟವಿರಲಿಲ್ಲ, ಅಂದು ಶಾಲೆ ನಡೆಯುತ್ತಿತ್ತು.

ಕಂಪನ ನಿಂತ ಮೇಲೂ ಹಾನಿ ನಿಲ್ಲುವುದಿಲ್ಲ. ಹೈಟಿಯಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿಕೊಂಡು ಮುಂದಿನ ವರ್ಷಗಳಲ್ಲಿ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಲಾತೂರ್ ಸೀಮೆಯಲ್ಲಿ 50ಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆಗೆ ಸ್ಥಳಾಂತರಿಸಲಾಯಿತು. ನೇರ ರಸ್ತೆಗಳ ಹೊಸ ಊರುಗಳಲ್ಲಿ ಮನೆ ಭದ್ರವಾಯಿತಾದರೂ ಹಳೆಯ ಓಣಿ ಮತ್ತು ನೆರೆಹೊರೆ ಹಾಗೆಯೇ ಉಳಿಯಲಿಲ್ಲ. ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು, ಕಡಿಮೆ ಹಾನಿಯಾದ ಹಳ್ಳಿಗಳಲ್ಲಿ ನಡೆದ ಇನ್ನೊಂದು ಕೆಲಸ. ಅಲ್ಲಿ ಹಳೆಯ ಮನೆಗಳನ್ನು ಕೆಡವದೆ, ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಡಿಸಿ, ಆ ತೂತಿನಲ್ಲಿ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿ, ಒಳಸಾಲನ್ನೂ ಹೊರಸಾಲನ್ನೂ ಒಂದಕ್ಕೊಂದು ಬೆಸೆದರು.