ಕೆ.ಜಿ. ರಸ್ತೆಯ ‘ಮೇನ್ ಥಿಯೇಟರ್’ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ರಸ್ತೆ, ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆ. ಇಷ್ಟರೊಳಗೆ ಒಂದು ಕಾಲಕ್ಕೆ ಇದ್ದ ಚಿತ್ರಮಂದಿರಗಳ ಹೆಸರು ಹೇಳುತ್ತಾ ಹೋದರೆ ಉಸಿರು ಸಾಲದು. ಮೆಜೆಸ್ಟಿಕ್, ಅಲಂಕಾರ್, ಸಾಗರ್, ಕಪಾಲಿ, ಸ್ಟೇಟ್ಸ್, ಮೇನಕ, ಮೂವಿಲ್ಯಾಂಡ್, ತ್ರಿಭುವನ್, ಕೈಲಾಶ್, ಅನುಪಮ. ಒಂದೇ ಕಾಂಪೌಂಡಿನಲ್ಲಿ ನರ್ತಕಿ, ಸಂತೋಷ್, ಸಪ್ನ. ಇವುಗಳಲ್ಲಿ ಎಷ್ಟೋ ಈಗಿಲ್ಲ. ‘ಎಲ್ಲರೂ ಮೊಬೈಲ್‌ನಲ್ಲೇ ನೋಡ್ತಾರಲ್ಲ, ಇನ್ನೇನು’ ಅಂತ ಸುಮ್ನೆ ಹೇಳಿಬಿಡುತ್ತೇವೆ. ಆದರೆ ಈ ಬೀದಿ ಸೊರಗಲು ಶುರುವಾಗಿದ್ದು ಮೊಬೈಲ್‌ನಲ್ಲಿ ಸಿನಿಮಾ ಬರುವುದಕ್ಕೆ ಮೊದಲೇ.

ಅಸಲಿಗೆ ಇಷ್ಟೊಂದು ಥಿಯೇಟರ್ ಇಲ್ಲೇ ಯಾಕೆ ಬಂದವು? ಪಕ್ಕದಲ್ಲೇ ಧರ್ಮಾಂಬುಧಿ ಕೆರೆ ಇತ್ತು, ಪೇಟೆಗೆ ನೀರು ಕೊಡುತ್ತಿದ್ದ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂದ ಮೇಲೆ ಅದನ್ನು ಕೇಳುವವರಿಲ್ಲದಾಯಿತು. ಕೆರೆ ಒಣಗಿ ಮೈದಾನವಾಯಿತು, ಮೈದಾನ ಬಸ್ ನಿಲ್ದಾಣವಾಯಿತು. ಎದುರಿಗೆ ರೈಲು ನಿಲ್ದಾಣ. ತುಮಕೂರಿನಿಂದಲೋ ಕೋಲಾರದಿಂದಲೋ ಕೆಲಸಕ್ಕೆಂದು ಬಂದವರು ಇಲ್ಲೇ ಇಳಿಯಬೇಕು, ಇಲ್ಲೇ ಹತ್ತಬೇಕು. ನಡುವೆ ಮೂರು ಗಂಟೆ ಸಿಕ್ಕರೆ ಒಂದು ಮ್ಯಾಟಿನಿ. ಇಡೀ ಪ್ರದೇಶಕ್ಕೆ ‘ಮೆಜೆಸ್ಟಿಕ್’ ಅಂತ ಒಂದು ಚಿತ್ರಮಂದಿರದ ಹೆಸರೇ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬೀದಿ ಮೊದಲಿನಿಂದ ಕನ್ನಡ ಸಿನಿಮಾದ್ದೇ ಆಗಿತ್ತು ಅಂದುಕೊಂಡರೆ ತಪ್ಪು. ಹಿಂದಿ, ತಮಿಳು, ತೆಲುಗು ಚಿತ್ರಗಳ ನಡುವೆ ಕನ್ನಡದ ಚಿತ್ರಕ್ಕೆ ಥಿಯೇಟರ್ ಸಿಗುವುದೇ ಕಷ್ಟವಿತ್ತು. ಅದಕ್ಕಾಗಿ ಚಳವಳಿಯೇ ನಡೆಯಿತು. ಕಾದಂಬರಿಕಾರ ಅ.ನ.ಕೃ., ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಮುಂದೆ ನಿಂತರು. 1962ರಲ್ಲಿ ವಾಟಾಳ್ ನಾಗರಾಜ್ ಅಲಂಕಾರ್ ಮುಂದೆ ಪ್ರತಿಭಟನೆ ಮಾಡಿ ಪೊಲೀಸರಿಂದ ಏಟು ತಿಂದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಪರಿಸ್ಥಿತಿ ಬದಲಾಗಿತ್ತು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಸ್ಟೇಟ್ಸ್‌ನಲ್ಲಿ ಎರಡು ವರ್ಷ ಓಡಿತು. ಅದೇ ಸ್ಟೇಟ್ಸ್ ಆಮೇಲೆ ಭೂಮಿಕಾ ಆಯಿತು.

ಎರಡು ವರ್ಷ ಓಡುವುದು ಅಂದರೆ ಇವತ್ತು ನಂಬಲಾಗದ ಮಾತು. ರಾಜ್‌ಕುಮಾರ್ ಜನಪ್ರಿಯತೆ ಇದ್ದೇ ಇತ್ತು. ಜೊತೆಗೆ ಪ್ರಿಂಟಿನ, ಅಂದರೆ ಚಿತ್ರದ ರೀಲು ಪ್ರತಿಯ, ಲೆಕ್ಕವೂ ಇತ್ತು. ಒಂದೊಂದು ಪ್ರಿಂಟಿಗೂ ದುಡ್ಡು ಸುರಿಯಬೇಕಿತ್ತು. ಹಾಗಾಗಿ ಚಿತ್ರ ಮೊದಲು ಬೆರಳೆಣಿಕೆಯ ಥಿಯೇಟರ್‌ಗಳಲ್ಲಿ ಬಿಡುಗಡೆಯಾಗಿ, ನಿಧಾನಕ್ಕೆ ಸಣ್ಣ ಊರು, ಟೂರಿಂಗ್ ಟಾಕೀಸ್ ಅಂತ ಇಳಿಯುತ್ತಿತ್ತು. ಒಂದೇ ಪ್ರಿಂಟನ್ನು ಎರಡು ಥಿಯೇಟರ್ ಹಂಚಿಕೊಂಡು, ಒಂದು ಕಡೆ ಓಡಿ ಮುಗಿದ ರೀಲಿನ ಡಬ್ಬವನ್ನು ಸೈಕಲ್ ಮೇಲೆ ಇನ್ನೊಂದು ಕಡೆಗೆ ಒಯ್ಯುವುದೂ ಇತ್ತು. ಹೊಸ ಚಿತ್ರವನ್ನು ಬೇಗ ನೋಡಬೇಕು ಅಂದರೆ ಮೆಜೆಸ್ಟಿಕ್‌ಗೆ ಬರಲೇಬೇಕು. ‘ಮೇನ್ ಥಿಯೇಟರ್’ ಅನ್ನುವ ಮಾತಿಗೆ ತೂಕ ಬಂದದ್ದು ಹೀಗೆ.

ಹಂಚಿಕೆದಾರರೂ ಗಾಂಧಿನಗರದಲ್ಲೇ ಕೂತಿದ್ದರು. ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಮಂಡ್ಯ, ಮೈಸೂರು, ಕೊಡಗು, ಹಾಸನ ಸೇರಿ ಇನ್ನೊಂದು ಏರಿಯಾ. ಹೀಗೆ ರಾಜ್ಯವನ್ನೇ ಏರಿಯಾಗಳಾಗಿ ಹಂಚಿಕೊಂಡು ವ್ಯಾಪಾರ. ಶುಕ್ರವಾರ ಕೆ.ಜಿ. ರಸ್ತೆಯಲ್ಲಿ ಗಾಂಧಿ ಕ್ಲಾಸಿನಿಂದ, ಅಂದರೆ ಪರದೆ ಮುಂದಿನ ಅಗ್ಗದ ಸೀಟುಗಳಿಂದ, ಎಷ್ಟು ಶಿಳ್ಳೆ ಬಿತ್ತು ಅನ್ನುವುದರ ಮೇಲೆ ಹಾಸನದ ಲೆಕ್ಕ ನಿಲ್ಲುತ್ತಿತ್ತು.

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಇಲ್ಲಿನ ಎಷ್ಟೋ ಥಿಯೇಟರ್‌ಗಳು ನಡೆದದ್ದು ವಾರದ ಬಾಡಿಗೆ ಮೇಲೆ. ಸೀಟು ತುಂಬಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಮಲ್ಟಿಪ್ಲೆಕ್ಸ್‌ನಲ್ಲಿ ಹಾಗಲ್ಲ, ಬಂದ ಹಣದಲ್ಲಿ ಪಾಲು. ಚಿತ್ರ ಗೆದ್ದರೆ ಬಾಡಿಗೆ ಪದ್ಧತಿ ಲಾಭ, ಸೋತರೆ ಕೈ ಸುಡುತ್ತದೆ. ಕೆಲವರು ಐವತ್ತು ದಿನ, ನೂರು ದಿನದ ಪೋಸ್ಟರ್‌ಗಾಗಿ ಕೈಯಿಂದ ಬಾಡಿಗೆ ಹಾಕಿ ಖಾಲಿ ಹಾಲಿಗೆ ಚಿತ್ರ ತೋರಿಸಿದ್ದೂ ಉಂಟು. ನನ್ನ ಪ್ರಕಾರ ಆ ನೂರು ದಿನಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಏಟು ಬಿದ್ದದ್ದು ಎರಡು ಕಡೆಯಿಂದ. ಮೊದಲನೆಯದು ಮಲ್ಟಿಪ್ಲೆಕ್ಸ್. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷ ದಾಟಿತು. ಕನ್ನಡ ಚಿತ್ರ ನೋಡಲು ಮೆಜೆಸ್ಟಿಕ್‌ಗೇ ಹೋಗಬೇಕಿಲ್ಲ ಅಂತ ಆವತ್ತು ಗೊತ್ತಾಯಿತು. ಎರಡನೆಯದು ಡಿಜಿಟಲ್. ರೀಲು ಹೋಗಿ ಉಪಗ್ರಹ, ಹಾರ್ಡ್ ಡಿಸ್ಕ್ ಬಂದ ಮೇಲೆ ಒಂದೇ ಶುಕ್ರವಾರ ರಾಜ್ಯದ ನೂರಾರು ಪರದೆಗೆ ಚಿತ್ರ ತಲುಪತೊಡಗಿತು. ಮೂರು ದಿನದಲ್ಲಿ ದುಡಿದದ್ದೇ ದುಡಿಮೆ. ಪರದೆ ಜಾಸ್ತಿಯಾದಷ್ಟೂ ಮೇನ್ ಥಿಯೇಟರ್‌ನ ಕ್ಯೂ ಕರಗಿತು.

ಉಳಿದದ್ದು ಜಾಗದ ಬೆಲೆ. ಸಾವಿರ ಸೀಟಿನ ಹಾಲಿನಲ್ಲಿ ಮಂಗಳವಾರದ ಮಾರ್ನಿಂಗ್ ಶೋಗೆ ಮೂವತ್ತು ಜನ ಕೂತರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಅದೇ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿದರೆ ತಿಂಗಳಿಗೆ ಖಚಿತ ಬಾಡಿಗೆ. ಅಲಂಕಾರ್ ಹೋಗಿ ಅಲಂಕಾರ್ ಪ್ಲಾಜಾ ಬಂತು. ಸಾಗರ್ ಹೋಯಿತು. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ್ದ ಕಪಾಲಿ, ಸಿನೆರಾಮಾದ ಬಾಗಿದ ದೊಡ್ಡ ಪರದೆಗೆ ಹೆಸರಾಗಿದ್ದ ಕಪಾಲಿ, 2017ರಲ್ಲಿ ನೆಲಕ್ಕುರುಳಿತು. ವಿಚಿತ್ರ ಅಂದರೆ, 2016ರಿಂದ ಮೆಜೆಸ್ಟಿಕ್‌ಗೆ ಮೆಟ್ರೊ ಕೂಡ ಬರುತ್ತಿದೆ. ಇಲ್ಲಿಗೆ ಬರುವುದು ಹಿಂದೆಂದೂ ಇಷ್ಟು ಸುಲಭವಿರಲಿಲ್ಲ.

ಹಾಗಂತ ಬೀದಿ ಸತ್ತಿಲ್ಲ. ದೊಡ್ಡ ನಟನ ಚಿತ್ರ ಬಿಡುಗಡೆಯಾಗುವ ದಿನ ನರ್ತಕಿ ಮುಂದೆ ಹೋಗಿ ನೋಡಿ. ಕಟೌಟ್‌ಗೆ ಆಳೆತ್ತರದ ಹಾರ, ಹಾಲಿನ ಪ್ಯಾಕೆಟ್ ಒಡೆದು ಅಭಿಷೇಕ, ತಮಟೆ, ಪಟಾಕಿ ಹೊಗೆಯಲ್ಲಿ ನಿಂತುಬಿಟ್ಟ ಬಿಎಂಟಿಸಿ ಬಸ್ಸು. ಶೋ ಬಿಟ್ಟ ಕೂಡಲೇ ಹೊರಗೆ ಬಂದವರ ಮೂತಿಗೆ ಯೂಟ್ಯೂಬ್ ಚಾನೆಲ್‌ಗಳ ಮೈಕು: ‘ಹೇಗಿದೆ ಸಾರ್ ಸಿನಿಮಾ?’ ಹಿಂದೆ ಹಂಚಿಕೆದಾರ ಮೂಲೆಯಲ್ಲಿ ನಿಂತು ಕದ್ದು ಕೇಳುತ್ತಿದ್ದ ಮಾತನ್ನು ಈಗ ಹತ್ತು ನಿಮಿಷದಲ್ಲಿ ರಾಜ್ಯವೆಲ್ಲ ಕೇಳುತ್ತದೆ. ಸೋಮವಾರ ಅದೇ ಗೇಟಿನಲ್ಲಿ ಸೆಕ್ಯುರಿಟಿಯವನು ಒಬ್ಬನೇ ಕೂತಿರುತ್ತಾನೆ.

ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ಹೊರಡಿಸಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆ ಜಗಳ ಮುಖ್ಯವಾಗಿ ಮಲ್ಟಿಪ್ಲೆಕ್ಸ್‌ಗಳದು. ಕೆ.ಜಿ. ರಸ್ತೆಯ ಹಳೇ ಹಾಲ್‌ಗಳ ಕಷ್ಟ ದರದ್ದಲ್ಲ, ವಾರದ ಉಳಿದ ದಿನಗಳದ್ದು. ಆದರೂ ಹೊಸ ನಿರ್ಮಾಪಕನಿಗೆ ಇಲ್ಲೊಂದು ಥಿಯೇಟರ್ ಬೇಕೇ ಬೇಕು. ಲೆಕ್ಕ ಗಿಟ್ಟದಿದ್ದರೂ ಬಾಡಿಗೆ ಕಟ್ಟುತ್ತಾನೆ. ಯಾಕೆಂದರೆ ಹೊರಗಿನ ಏರಿಯಾದವರು ಫೋನ್ ಮಾಡಿದಾಗ ಮೊದಲು ಕೇಳುವುದು ಇವತ್ತಿಗೂ ಒಂದೇ: ‘ಮೇನ್ ಥಿಯೇಟರ್ ಯಾವುದು?’